ಬೆಳ್ಳಿಯ ಪಾದರಕ್ಷೆ ಕೆಂಪಾದ ಕಥೆ

ಕಾದಂಬರಿ ಓದಿದವರೂ ಅದರ ಸಿನಿಮಾ ಮಾತ್ರ ನೋಡಿದವರೂ ಒಂದೇ ಮನೆಯಲ್ಲಿದ್ದರೆ ಊಟದ ಹೊತ್ತಿಗೆ ಒಂದು ಸಣ್ಣ ವಾಗ್ಯುದ್ಧ ಆಗಲೇಬೇಕು. “ಪುಸ್ತಕದಲ್ಲಿ ಹೀಗಿರಲಿಲ್ಲ” ಎಂದು ಒಬ್ಬರು ರಾಗ ತೆಗೆದರೆ, “ಸಿನಿಮಾಕ್ಕೆ ಹೋದಾಗ ಪುಸ್ತಕವನ್ನು ಮನೆಯಲ್ಲಿ ಬಿಟ್ಟು ಬರಬಾರದೇ?” ಎಂದು ಇನ್ನೊಬ್ಬರು. ನಮ್ಮ ತಾಯಂದಿರ ಕಾಲದಲ್ಲಿ ಇಂಥ ಜಗಳಕ್ಕೆ ಒಳ್ಳೆಯ ಸುಗ್ಗಿ. 1969ರಲ್ಲಿ ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’, 1971ರಲ್ಲಿ ತ್ರಿವೇಣಿಯವರ ‘ಶರಪಂಜರ’, 1972ರಲ್ಲಿ ತ.ರಾ.ಸು. ಅವರ ‘ನಾಗರಹಾವು’ ಒಂದರ ಹಿಂದೊಂದು ತೆರೆಗೆ ಬಂದವು. ನಾಗರಹಾವು ತೆರೆಯ ಮೇಲೆ ಕೇರೆಹಾವಾಯಿತೆಂದು ಸ್ವತಃ ತ.ರಾ.ಸು. ಅವರೇ ಬೇಸರಪಟ್ಟುಕೊಂಡರೆಂದು ಹೇಳುವುದುಂಟು. ಆದರೆ ಜನ ಆ ಸಿನಿಮಾವನ್ನು ತಲೆಯ ಮೇಲೆ ಹೊತ್ತು ಮೆರೆದರು. ಬರೆದವರ ಮಾತು ಸರಿಯೋ ನೋಡಿದವರ ಮಾತು ಸರಿಯೋ? ತೀರ್ಪು ಕೊಡಲು ಯಾರಿಗೂ ಆಗಿಲ್ಲ.

ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಹೇಳುವವಳು. ರಾಜರು ಹುಟ್ಟಿದ್ದು, ಸತ್ತದ್ದು, ಯುದ್ಧ ಮಾಡಿದ್ದು ಪಠ್ಯಪುಸ್ತಕದಲ್ಲಿರುತ್ತದೆ. ಜನ ಒಂದು ಕಥೆಯನ್ನು ನೋಡಿ ಏನಂದರು, ಇಪ್ಪತ್ತು ವರ್ಷದ ಮೇಲೆ ಅದನ್ನೇ ನೋಡಿ ಬೇರೇನಂದರು ಎಂಬುದು ಯಾವ ಪಠ್ಯದಲ್ಲೂ ಇರುವುದಿಲ್ಲ. ಅದೂ ಇತಿಹಾಸವೇ ಎಂದು ನನ್ನ ನಂಬಿಕೆ. ಅದಕ್ಕೆ ಒಂದು ಒಳ್ಳೆಯ ಉದಾಹರಣೆ ಹುಡುಕಿಕೊಂಡು ಹೊರಟರೆ ದೂರದ ಅಮೆರಿಕಕ್ಕೇ ಹೋಗಬೇಕಾಗುತ್ತದೆ. 1900ರಲ್ಲಿ ಬಂದ ಒಂದು ಮಕ್ಕಳ ಕಾದಂಬರಿ, 1939ರಲ್ಲಿ ಅದರಿಂದಾದ ಒಂದು ಮಾಯಾಲೋಕದ ಚಿತ್ರ: ‘ದಿ ವಿಜಾರ್ಡ್ ಆಫ್ ಓಜ್’. ಎಂಬತ್ತೈದು ವರ್ಷಕ್ಕೂ ಮೇಲಾಯಿತು, ಜನ ಇನ್ನೂ ಅದರ ಮೇಲೆ ಮಾತಾಡುವುದನ್ನು ಬಿಟ್ಟಿಲ್ಲ.

ಕಥೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ಕ್ಯಾನ್ಸಸ್ ಎಂಬ ಬಯಲುಸೀಮೆಯಲ್ಲಿ ಡೊರೊಥಿ ಎಂಬ ತಬ್ಬಲಿ ಹುಡುಗಿ ತನ್ನ ಎಮ್ ಚಿಕ್ಕಮ್ಮ, ಹೆನ್ರಿ ಚಿಕ್ಕಪ್ಪನ ಜೊತೆ ಇರುತ್ತಾಳೆ. ಸುಂಟರಗಾಳಿ ಎದ್ದು ಮನೆಯ ಸಮೇತ ಹುಡುಗಿಯನ್ನೂ ಅವಳ ನಾಯಿಮರಿ ಟೋಟೋವನ್ನೂ ಹಾರಿಸಿಕೊಂಡು ಓಜ್ ಎಂಬ ದೇಶದಲ್ಲಿ ಇಳಿಸುತ್ತದೆ. ಮನೆ ನೇರವಾಗಿ ಒಬ್ಬ ಕೆಟ್ಟ ಮಾಟಗಾತಿಯ ಮೇಲೆ ಬೀಳುತ್ತದೆ. ಸತ್ತವಳ ಪಾದರಕ್ಷೆ ಹುಡುಗಿಯ ಪಾಲಾಗುತ್ತದೆ. ಮನೆಗೆ ಹಿಂತಿರುಗುವ ದಾರಿ ಕೇಳಲು ಪಚ್ಚೆಯ ಪಟ್ಟಣದ ಮಹಾ ಮಾಂತ್ರಿಕನ ಬಳಿಗೆ ಹಳದಿ ಇಟ್ಟಿಗೆಯ ರಸ್ತೆ ಹಿಡಿದು ಹೊರಡುತ್ತಾಳೆ. ದಾರಿಯಲ್ಲಿ ಮೂವರು ಜೊತೆಯಾಗುತ್ತಾರೆ. ಬುದ್ಧಿ ಬೇಕೆನ್ನುವ ಬೆರ್ಚಪ್ಪ, ಹೃದಯ ಬೇಕೆನ್ನುವ ತಗಡಿನ ಮನುಷ್ಯ, ಧೈರ್ಯ ಬೇಕೆನ್ನುವ ಪುಕ್ಕಲು ಸಿಂಹ. ಕೊನೆಗೆ ನೋಡಿದರೆ ಮಹಾ ಮಾಂತ್ರಿಕ ಬರೀ ಬೊಗಳೆ. ಬಲೂನಿನಲ್ಲಿ ದಾರಿ ತಪ್ಪಿ ಬಂದ ಒಬ್ಬ ಸಾಮಾನ್ಯ ಮನುಷ್ಯ. ಮನೆಗೆ ಹೋಗುವ ಶಕ್ತಿ ಮೊದಲಿನಿಂದಲೂ ಹುಡುಗಿಯ ಕಾಲಲ್ಲಿದ್ದ ಪಾದರಕ್ಷೆಯಲ್ಲೇ ಇತ್ತು.

ಇದನ್ನು ಬರೆದ ಎಲ್. ಫ್ರಾಂಕ್ ಬಾಮ್ 1856ರಲ್ಲಿ ಹುಟ್ಟಿದವರು. ಅವರು ಮಾಡದ ಉದ್ಯೋಗವಿಲ್ಲ. ನಾಟಕ ಆಡಿದರು, ಡಕೋಟ ಪ್ರಾಂತದ ಆಬರ್ಡೀನ್ ಎಂಬ ಊರಿನಲ್ಲಿ ಅಂಗಡಿ ಇಟ್ಟು ಮುಚ್ಚಿದರು, ಅದೇ ಊರಿನಲ್ಲಿ ಪತ್ರಿಕೆ ನಡೆಸಿ ಅದನ್ನೂ ಕಳೆದುಕೊಂಡು 1891ರಲ್ಲಿ ಶಿಕಾಗೋ ಸೇರಿದರು. ಮನೆಯ ಲೆಕ್ಕವನ್ನು ಹಿಡಿದು ನಿಲ್ಲಿಸಿದವರು ಹೆಂಡತಿ ಮಾಡ್ ಗೇಜ್. ಆಕೆ ಕಾರ್ನೆಲ್ ವಿಶ್ವವಿದ್ಯಾಲಯದ ಓದನ್ನು ಅರ್ಧಕ್ಕೆ ಬಿಟ್ಟು 1882ರಲ್ಲಿ ಇವರನ್ನು ಮದುವೆಯಾದವರು. ಮಾಡ್ ಅವರ ತಾಯಿ ಮ್ಯಾಟಿಲ್ಡಾ ಜೋಸ್ಲಿನ್ ಗೇಜ್ ಹೆಂಗಸರಿಗೆ ಮತದಾನದ ಹಕ್ಕು ಬೇಕೆಂದು ಹೋರಾಡಿದ ದೊಡ್ಡ ಹೆಸರು. ಮನೆಯ ಮಕ್ಕಳಿಗೆ ಅಳಿಯ ಬಾಯಲ್ಲಿ ಹೇಳುತ್ತಿದ್ದ ಕಥೆಗಳನ್ನು ಬರೆದಿಡಲು ಒತ್ತಾಯಿಸಿದವರು ಈ ಅತ್ತೆಯೇ. ಅತ್ತೆಯ ಮಾತು ಕೇಳಿ ಅಳಿಯ ಉದ್ಧಾರವಾದ ಉದಾಹರಣೆಗಳಲ್ಲಿ ಇದನ್ನೂ ಸೇರಿಸಬಹುದು. 1898ರಲ್ಲಿ ಆಕೆ ತೀರಿಕೊಂಡರು. ಅದೇ ವರ್ಷ ಮಾಡ್ ಅವರ ಅಣ್ಣನ ಮಗಳು, ಐದು ತಿಂಗಳ ಕೂಸು, ಡೊರೊಥಿ ಎಂಬ ಹೆಸರಿನದು, ಸತ್ತುಹೋಯಿತು. ಆ ಕೂಸಿನ ಹೆಸರೇ ಕಥೆಯ ಹುಡುಗಿಗೆ ಬಂದಿತೆಂದು ಹಲವರು ನಂಬುತ್ತಾರೆ.

ಪುಸ್ತಕವನ್ನು ನಾನು ಓದಿದ್ದು ಬಿ.ಎಡ್. ಮಾಡುವಾಗ, ಕಾಲೇಜಿನ ಗ್ರಂಥಾಲಯದಲ್ಲಿ. ನನಗೆ ಮೊದಲು ಹಿಡಿಸಿದ್ದು ಮಾಟಮಂತ್ರವಲ್ಲ, ಎಮ್ ಚಿಕ್ಕಮ್ಮ. ಆಕೆ ಹೊಸ ಸೊಸೆಯಾಗಿ ಬಂದಾಗ ಚೆಂದವಿದ್ದವಳು. ಬಿಸಿಲು, ಗಾಳಿ, ಬರಗಾಲ ಆಕೆಯ ಕಣ್ಣಿನ ಹೊಳಪನ್ನೂ ಕೆನ್ನೆಯ ಕೆಂಪನ್ನೂ ಒಂದೊಂದಾಗಿ ತೆಗೆದುಕೊಂಡು ನೆಲ, ಹುಲ್ಲು, ಮನೆಯ ಗೋಡೆಯಂತೆ ಆಕೆಯನ್ನೂ ಬೂದುಬಣ್ಣ ಮಾಡಿಬಿಟ್ಟಿವೆ. ನಗುವುದನ್ನೇ ಮರೆತಿದ್ದಾಳೆ. ಹುಡುಗಿ ನಕ್ಕರೆ ಬೆಚ್ಚಿಬೀಳುತ್ತಾಳೆ. ಮಕ್ಕಳ ಪುಸ್ತಕದ ಮೊದಲ ಎರಡು ಪುಟದಲ್ಲಿ ದುಡಿದು ಸವೆದ ಹೆಣ್ಣಿನ ಇಂಥ ಚಿತ್ರ ಇರುತ್ತದೆಂದು ನಾನು ಎಣಿಸಿರಲಿಲ್ಲ. ಇಂಥ ಚಿಕ್ಕಮ್ಮಂದಿರು ನಮ್ಮ ಬಯಲುಸೀಮೆಯಲ್ಲೂ ಇದ್ದಾರಲ್ಲ!

ಇನ್ನು ಸಿನಿಮಾ. 1937ರ ಕೊನೆಯಲ್ಲಿ ವಾಲ್ಟ್ ಡಿಸ್ನಿ ‘ಸ್ನೋ ವೈಟ್’ ತೆಗೆದು ಹಣದ ಹೊಳೆ ಹರಿಸಿದ್ದನ್ನು ಕಂಡ ಎಂ.ಜಿ.ಎಂ. ಕಂಪನಿಯವರು 1938ರಲ್ಲಿ 75 ಸಾವಿರ ಡಾಲರ್ ಕೊಟ್ಟು ಓಜ್ ಕಾದಂಬರಿಯ ಹಕ್ಕು ಕೊಂಡರು. ನಿರ್ದೇಶಕರು ಒಬ್ಬರಾದ ಮೇಲೊಬ್ಬರು ಬಂದುಹೋದರು. ಕೊನೆಗೆ ಹೆಸರು ಉಳಿದದ್ದು ವಿಕ್ಟರ್ ಫ್ಲೆಮಿಂಗ್ ಅವರದು. ಕ್ಯಾನ್ಸಸ್‌ನ ದೃಶ್ಯಗಳನ್ನು ತೆಗೆದವರು ಕಿಂಗ್ ವಿಡೋರ್. ಡೊರೊಥಿಯಾಗಿ ಜೂಡಿ ಗಾರ್ಲೆಂಡ್, ಆಗ ಹದಿನಾರರ ಹುಡುಗಿ. ಖರ್ಚು ಸುಮಾರು 28 ಲಕ್ಷ ಡಾಲರ್, ಆ ಕಾಲಕ್ಕೆ ಎದೆ ಝಲ್ಲೆನ್ನುವ ಮೊತ್ತ.

ಪುಸ್ತಕದಿಂದ ತೆರೆಗೆ ಹೋಗುವಾಗ ಆದ ಬದಲಾವಣೆಗಳಲ್ಲಿ ನಾಲ್ಕನ್ನು ನೆನಪಿಟ್ಟುಕೊಳ್ಳಿ. ಏಕೆಂದರೆ ಮುಂದೆ ಜನ ಆಡಿದ ಮಾತೆಲ್ಲ ಇವುಗಳ ಸುತ್ತಲೇ.

ಮೊದಲನೆಯದು ಪಾದರಕ್ಷೆಯ ಬಣ್ಣ. ಪುಸ್ತಕದಲ್ಲಿ ಅದು ಬೆಳ್ಳಿಯದು. ಬಣ್ಣದ ಚಿತ್ರ ಆಗಿನ್ನೂ ಅಪರೂಪ. ಹಳದಿ ರಸ್ತೆಯ ಮೇಲೆ ಬೆಳ್ಳಿ ಎದ್ದು ಕಾಣುವುದಿಲ್ಲವೆಂದು ಚಿತ್ರಕಥೆ ಬರೆದ ನೋಯೆಲ್ ಲ್ಯಾಂಗ್ಲಿ ಅದನ್ನು ಮಾಣಿಕ್ಯದ ಕೆಂಪು ಮಾಡಿದರು. ಎರಡನೆಯದು ಚಿಕ್ಕಮ್ಮ. ಪುಸ್ತಕದ ಬೂದುಬಣ್ಣದ ಹೆಂಗಸು ತೆರೆಯ ಮೇಲೆ ತುಸು ಗದರಿದರೂ ಪ್ರೀತಿಯ ಮುದುಕಿಯಾದಳು. ಮೂರನೆಯದು ಮಾಟಗಾತಿಯ ಸಾವು. ಪುಸ್ತಕದಲ್ಲಿ ಮಾಟಗಾತಿ ಹುಡುಗಿಯನ್ನು ಅಡುಗೆಮನೆಗೆ ಹಾಕಿ ಪಾತ್ರೆ ತಿಕ್ಕಿಸುತ್ತಾಳೆ, ನೆಲ ಗುಡಿಸಿಸುತ್ತಾಳೆ, ಒಲೆಗೆ ಸೌದೆ ಹಾಕಿಸುತ್ತಾಳೆ. ಕೊನೆಗೆ ಮೋಸದಿಂದ ಒಂದು ಪಾದರಕ್ಷೆ ಕಸಿದುಕೊಳ್ಳುತ್ತಾಳೆ. ಹುಡುಗಿಗೆ ರೇಗಿಹೋಗುತ್ತದೆ, ಪಕ್ಕದಲ್ಲಿದ್ದ ನೀರನ್ನೆತ್ತಿ ಎರಚುತ್ತಾಳೆ, ಮಾಟಗಾತಿ ಕರಗಿಹೋಗುತ್ತಾಳೆ. ನೀರು ತಾಗಿದರೆ ಸಾಯುತ್ತಾಳೆಂದು ಹುಡುಗಿಗೆ ಗೊತ್ತಿಲ್ಲ, ನಿಜ. ಆದರೆ ಸಿಟ್ಟು ಅವಳದೇ. ಸಿನಿಮಾದಲ್ಲಿ ಬೆರ್ಚಪ್ಪನಿಗೆ ಹತ್ತಿದ ಬೆಂಕಿ ಆರಿಸಲು ಹಾಕಿದ ನೀರು ಕೈತಪ್ಪಿ ಮಾಟಗಾತಿಯ ಮೇಲೆ ಬೀಳುತ್ತದೆ. ಒಳ್ಳೆಯ ಹುಡುಗಿಗೆ ಸಿಟ್ಟು ಬರಬಾರದೆಂದು ಹಾಲಿವುಡ್‌ನವರೂ ತೀರ್ಮಾನಿಸಿದಂತಿದೆ!

ನಾಲ್ಕನೆಯದೇ ದೊಡ್ಡದು. ಪುಸ್ತಕದಲ್ಲಿ ಓಜ್ ನಿಜವಾದ ದೇಶ. ಹುಡುಗಿ ಹೋಗಿದ್ದಳು, ಬಂದಳು. ಅವಳು ಹೋಗಿದ್ದಾಗ ಚಿಕ್ಕಪ್ಪ ಹೊಸ ಮನೆಯನ್ನೇ ಕಟ್ಟಿಸಿದ್ದಾನೆ. ಪಾದರಕ್ಷೆ ಹಾರುವಾಗ ಮರುಭೂಮಿಯಲ್ಲಿ ಬಿದ್ದುಹೋಗಿದೆ. ಸಿನಿಮಾದಲ್ಲಿ ತಲೆಗೆ ಪೆಟ್ಟುಬಿದ್ದ ಹುಡುಗಿ ಹಾಸಿಗೆಯಲ್ಲಿ ಕಣ್ಣುಬಿಡುತ್ತಾಳೆ. ಸುತ್ತ ನಿಂತವರು ನಗುತ್ತಾ, ಅದೆಲ್ಲ ಕನಸು ಕಣಮ್ಮ ಎನ್ನುತ್ತಾರೆ. ದೊಡ್ಡವರು ಮಾಯಾಲೋಕದ ಕಥೆಯನ್ನು ಒಪ್ಪುವುದಿಲ್ಲವೆಂಬ ಭಯ ಕಂಪನಿಗಳಿಗಿತ್ತು. 1933ರಲ್ಲಿ ಬಂದ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಚಿತ್ರ ಸೋತಿತ್ತು. ಕನಸೆಂದುಬಿಟ್ಟರೆ ದೊಡ್ಡವರಿಗೂ ಸಮಾಧಾನ ಎಂಬ ಲೆಕ್ಕಾಚಾರ.

1939ರ ಆಗಸ್ಟ್ 15ರಂದು ಹಾಲಿವುಡ್‌ನಲ್ಲಿ ಮೊದಲ ಪ್ರದರ್ಶನ. ಎರಡು ದಿನ ಬಿಟ್ಟು ನ್ಯೂಯಾರ್ಕ್‌ನಲ್ಲಿ. ನೋಡಿದವರು ಏನೆಂದರು? ನ್ಯೂಯಾರ್ಕ್ ಟೈಮ್ಸ್‌ನ ವಿಮರ್ಶಕ ಫ್ರಾಂಕ್ ನ್ಯೂಜೆಂಟ್ ಮನಸಾರೆ ಮೆಚ್ಚಿದರು. ನ್ಯೂಯಾರ್ಕರ್ ಪತ್ರಿಕೆಯ ರಸೆಲ್ ಮಲೋನಿ ಮುಲಾಜಿಲ್ಲದೆ ಕಳಪೆ ಎಂದು ತಳ್ಳಿಹಾಕಿದರು. ಬ್ರಿಟನ್ನಿನಲ್ಲಿ ಸೆನ್ಸಾರಿನವರು ಮಾಟಗಾತಿಯನ್ನು ನೋಡಿ ಹೆದರಿ, ಮಕ್ಕಳು ದೊಡ್ಡವರ ಜೊತೆಯಲ್ಲೇ ಬರಬೇಕೆಂಬ ಪ್ರಮಾಣಪತ್ರ ಕೊಟ್ಟರು. ಮಕ್ಕಳಿಗೆ ಕೆಟ್ಟ ಕನಸು ಬೀಳದಂಥ ಕಥೆ ಬರೆಯಬೇಕೆಂದು ಮುನ್ನುಡಿಯಲ್ಲೇ ಹೇಳಿಕೊಂಡಿದ್ದ ಬಾಮ್ ಆಗ ಇರಲಿಲ್ಲ, 1919ರಲ್ಲೇ ತೀರಿಕೊಂಡಿದ್ದರು. ಅವರ ಹೆಂಡತಿ ಮಾಡ್ ಇದ್ದರು, 1953ರವರೆಗೂ ಬದುಕಿದರು.

ಜನ ಬರಲಿಲ್ಲವೇ? ಬಂದರು, ಗುಂಪುಗುಂಪಾಗಿ ಬಂದರು. ಆದರೆ ಬಂದವರಲ್ಲಿ ಬಹುಪಾಲು ಮಕ್ಕಳು. ಮಕ್ಕಳ ಟಿಕೆಟ್ಟಿಗೆ ಬೆಲೆ ಕಡಿಮೆ. ಸೆಪ್ಟೆಂಬರ್ 1ಕ್ಕೆ ಯೂರೋಪಿನಲ್ಲಿ ಮಹಾಯುದ್ಧ ಶುರುವಾಗಿ ಅಲ್ಲಿನ ಆದಾಯಕ್ಕೂ ಪೆಟ್ಟುಬಿತ್ತು. ಮೊದಲ ಸುತ್ತಿನಲ್ಲಿ ಬಂದದ್ದು ಸುಮಾರು 30 ಲಕ್ಷ ಡಾಲರ್. ಪ್ರತಿ, ಪ್ರಚಾರದ ಖರ್ಚೆಲ್ಲ ಕಳೆದರೆ ಕಂಪನಿಗೆ ಸುಮಾರು 11 ಲಕ್ಷ ಡಾಲರ್ ನಷ್ಟ. 1949ರಲ್ಲಿ ಮತ್ತೆ ಬಿಡುಗಡೆ ಮಾಡಿದ ಮೇಲೆಯೇ ಲಾಭದ ಮುಖ ಕಂಡದ್ದು. ಅತ್ಯುತ್ತಮ ಚಿತ್ರದ ಆಸ್ಕರ್ ‘ಗಾನ್ ವಿತ್ ದ ವಿಂಡ್’ ಪಾಲಾಯಿತು. ಅದಕ್ಕೂ ನಿರ್ದೇಶಕರೆಂದು ಹೆಸರು ಅದೇ ಫ್ಲೆಮಿಂಗ್ ಅವರದು. ಓಜ್‌ಗೆ ಸಂಗೀತ ಮತ್ತು ಹಾಡಿನ ಎರಡು ಪ್ರಶಸ್ತಿ ಬಂದವು. ತಮಾಷೆಯೆಂದರೆ, ಪ್ರಶಸ್ತಿ ಪಡೆದ ‘ಓವರ್ ದ ರೇನ್‌ಬೋ’ ಹಾಡನ್ನು, ಕೊಟ್ಟಿಗೆಯ ಮುಂದೆ ನಿಂತು ಹುಡುಗಿ ಹಾಡುವುದು ಕಥೆಯ ಓಟಕ್ಕೆ ಅಡ್ಡಿಯೆಂದು ಕಂಪನಿಯ ದೊಡ್ಡ ಮನುಷ್ಯರು ಕತ್ತರಿಸಲು ಹೊರಟಿದ್ದರು. ಚಿತ್ರ ಮಾಡಿದ ಕೆಲವರು ಜಗಳವಾಡಿ ಉಳಿಸಿಕೊಂಡರು.

ಇಷ್ಟಕ್ಕೇ ನಿಂತಿದ್ದರೆ ಓಜ್ ಹಳೆಯ ಚಿತ್ರಗಳ ಪಟ್ಟಿಯಲ್ಲಿ ಒಂದು ಸಾಲಾಗಿರುತ್ತಿತ್ತು. ಅದನ್ನು ಕೈಹಿಡಿದು ನಡೆಸಿದ್ದು ಟೆಲಿವಿಷನ್. 1956ರ ನವೆಂಬರ್ 3, ಶನಿವಾರ ರಾತ್ರಿ ಅಮೆರಿಕದ ಸಿ.ಬಿ.ಎಸ್. ಅದನ್ನು ಪ್ರಸಾರ ಮಾಡಿತು. ನೋಡಿದವರು ಸುಮಾರು ನಾಲ್ಕೂವರೆ ಕೋಟಿ. 1959ರಿಂದ ವರ್ಷಕ್ಕೊಮ್ಮೆ ಬರತೊಡಗಿತು. ನಮ್ಮಲ್ಲಿ ದೂರದರ್ಶನದ ರಾಮಾಯಣಕ್ಕೆ ಬೀದಿ ಖಾಲಿಯಾಗುತ್ತಿದ್ದುದನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ಅಲ್ಲಿನ ಮನೆಗಳಲ್ಲಿ ಅದು ವರ್ಷದ ಒಂದು ಹಬ್ಬವೇ ಆಯಿತು.

ಇಲ್ಲೊಂದು ಸ್ವಾರಸ್ಯ. ಆ ಚಿತ್ರದ ದೊಡ್ಡ ಬೆರಗೆಂದರೆ ಕಂದು ಬಣ್ಣದ ಕ್ಯಾನ್ಸಸ್‌ನಿಂದ ಹುಡುಗಿ ಬಾಗಿಲು ತೆರೆದರೆ ಎದುರಿಗೆ ಬಣ್ಣ ಬಣ್ಣದ ಓಜ್. ಆದರೆ 1956ರಲ್ಲಿ ಬಹುಪಾಲು ಮನೆಗಳಲ್ಲಿದ್ದದ್ದು ಕಪ್ಪುಬಿಳುಪಿನ ಪೆಟ್ಟಿಗೆ. ಆ ಮಕ್ಕಳಿಗೆ ಬಾಗಿಲಿನ ಈ ಕಡೆಯೂ ಬೂದು, ಆ ಕಡೆಯೂ ಬೂದು! ಎಷ್ಟೋ ವರ್ಷದ ಮೇಲೆ ಮನೆಗೆ ಬಣ್ಣದ ಟಿ.ವಿ. ಬಂದಾಗಲೇ ಅವರಿಗೆ ಪಾದರಕ್ಷೆ ಕೆಂಪೆಂದು ಗೊತ್ತಾದದ್ದು. ಒಂದೇ ಚಿತ್ರ, ನೋಡಿದ್ದು ಮಾತ್ರ ಬೇರೆ ಬೇರೆ. ಅಭಿಪ್ರಾಯ ಬೇರೆಯಾದರೆ ಆಶ್ಚರ್ಯವೇನು?

ಹಸಿರು ಮುಖದ ಮಾಟಗಾತಿಯ ಪಾತ್ರ ಮಾಡಿದ ಮಾರ್ಗರೆಟ್ ಹ್ಯಾಮಿಲ್ಟನ್ ಅವರ ಮಾತು ಹೇಳದೆ ಹೋದರೆ ನನ್ನ ವೃತ್ತಿಗೆ ದ್ರೋಹವಾದೀತು. ಆಕೆ ಮೊದಲು ಶಿಶುವಿಹಾರದ ಶಿಕ್ಷಕಿ! ಗಂಡನಿಂದ ಬೇರೆಯಾಗಿ ಮಗನನ್ನು ಸಾಕುತ್ತಿದ್ದ ಹೆಂಗಸು. 1938ರ ಡಿಸೆಂಬರಿನಲ್ಲಿ ಹೊಗೆಯಲ್ಲಿ ಮಾಯವಾಗುವ ದೃಶ್ಯ ತೆಗೆಯುವಾಗ ಬೆಂಕಿ ಹತ್ತಿ ಮುಖ, ಕೈ ಸುಟ್ಟುಕೊಂಡರು. ಸುಮಾರು ಆರು ವಾರ ಮನೆಯಲ್ಲಿದ್ದು, ಬೆಂಕಿಯ ಕೆಲಸ ಇನ್ನು ಮಾಡುವುದಿಲ್ಲವೆಂದು ಹೇಳಿಯೇ ಹಿಂತಿರುಗಿದರು. ತಾನು ಪ್ರೀತಿಸುವ ಮಕ್ಕಳೇ ತನ್ನನ್ನು ಕಂಡರೆ ಹೆದರುವುದು ಆಕೆಗೆ ನೋವು. 1975ರಲ್ಲಿ ಫ್ರೆಡ್ ರಾಜರ್ಸ್ ಎಂಬವರ ಮಕ್ಕಳ ಕಾರ್ಯಕ್ರಮಕ್ಕೆ ಸಾದಾ ಉಡುಪಿನಲ್ಲಿ ಬಂದು, ಮಾಟಗಾತಿಯ ಬಟ್ಟೆಯನ್ನು ಮಕ್ಕಳ ಕಣ್ಣೆದುರಿಗೇ ಒಂದೊಂದಾಗಿ ಹಾಕಿಕೊಂಡು, ನೋಡಿ, ಇದು ವೇಷ ಅಷ್ಟೇ ಎಂದು ತಿಳಿಸಿದರು. ಮರುವರ್ಷ ‘ಸೆಸಮಿ ಸ್ಟ್ರೀಟ್’ ಎಂಬ ಇನ್ನೊಂದು ಕಾರ್ಯಕ್ರಮದಲ್ಲಿ ಮಾಟಗಾತಿಯಾಗಿಯೇ ಬಂದಾಗ, ಮಕ್ಕಳು ಹೆದರಿದರೆಂದು ತಾಯಿತಂದೆಯರ ದೂರಿನ ಕಾಗದಗಳು ಬಂದವು. ಆ ಕಂತನ್ನು ಮತ್ತೆ ಪ್ರಸಾರ ಮಾಡಲಿಲ್ಲ. ಒಬ್ಬ ಟೀಚರು ಪಾಠ ಮಾಡಿ ತಿದ್ದಿದ್ದನ್ನು ಮರುವರ್ಷವೇ ಅಳಿಸಿದಂತಾಯಿತು.

ಅಷ್ಟು ಹೊತ್ತಿಗೆ ಪುಸ್ತಕದ ಮೇಲೂ ಮಾತು ಎದ್ದಿತ್ತು. 1957ರಲ್ಲಿ ಡೆಟ್ರಾಯಿಟ್ ಗ್ರಂಥಾಲಯದ ಮುಖ್ಯಸ್ಥರು ಓಜ್ ಪುಸ್ತಕಗಳಿಂದ ಮಕ್ಕಳಿಗೆ ಪ್ರಯೋಜನವಿಲ್ಲವೆಂದು ಬಹಿರಂಗವಾಗಿಯೇ ಹೇಳಿದರು. 1986ರಲ್ಲಿ ಟೆನೆಸಿ ರಾಜ್ಯದ ಕೆಲವು ತಾಯಿತಂದೆಯರು ಶಾಲೆಯ ಪಠ್ಯದಲ್ಲಿ ಬಂದಿದ್ದ ಓಜ್ ಮುಂತಾದ ಕಥೆಗಳ ವಿರುದ್ಧ ನ್ಯಾಯಾಲಯದಲ್ಲಿ ಗೆದ್ದರು. ಮರುವರ್ಷ ಮೇಲಿನ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಮಾಟಗಾತಿಯಲ್ಲಿ ಒಳ್ಳೆಯವಳೂ ಇರುತ್ತಾಳೆಂದು ಮಕ್ಕಳಿಗೆ ಕಲಿಸಬಾರದೆಂಬುದು ಅವರ ಆಕ್ಷೇಪಗಳಲ್ಲೊಂದು. ನನಗೆ ನಗು ಬರಲಿಲ್ಲ. ನಮ್ಮಲ್ಲೂ ‘ಒಳ್ಳೆಯ ಮಾಟಗಾತಿ’ ಎಂದರೆ ಕಿವಿಗೆ ಒಗ್ಗುವುದಿಲ್ಲ. ಆ ಮಾತನ್ನು ಯಾರ ಮೇಲೆ ಎಸೆಯುತ್ತಾರೆ ಬಲ್ಲಿರಲ್ಲ? ಒಂಟಿ ಹೆಂಗಸಿನ ಮೇಲೆ, ಎದುರು ಮಾತಾಡುವವಳ ಮೇಲೆ. ಹಾಗೆ ಕರೆಸಿಕೊಂಡವರನ್ನು ಚರ್ಚು ಸುಟ್ಟ ಚರಿತ್ರೆಯನ್ನು 1893ರಲ್ಲೇ ತಮ್ಮ ಗ್ರಂಥದಲ್ಲಿ ಬರೆದಿಟ್ಟವರು ಬಾಮ್ ಅವರ ಅತ್ತೆ ಮ್ಯಾಟಿಲ್ಡಾ ಅವರೇ. ಅಳಿಯನ ಕಥೆಯಲ್ಲಿ ಒಳ್ಳೆಯ ಮಾಟಗಾತಿಯರು ಎಲ್ಲಿಂದ ಬಂದಿರಬಹುದೆಂದು ಊಹಿಸುವುದು ಕಷ್ಟವಲ್ಲ.

ನನ್ನ ಕಸುಬಿನ ಇನ್ನೊಬ್ಬರೂ ಈ ಕಥೆಯಲ್ಲಿದ್ದಾರೆ. ಹೆನ್ರಿ ಲಿಟಲ್‌ಫೀಲ್ಡ್ ಎಂಬ ನ್ಯೂಯಾರ್ಕ್ ಕಡೆಯ ಹೈಸ್ಕೂಲು ಮೇಷ್ಟ್ರು. 1890ರ ದಶಕದ ಅಮೆರಿಕದ ರೈತರ ಸಾಲ, ಚಿನ್ನದ ನಾಣ್ಯ ಸಾಕೋ ಬೆಳ್ಳಿಯ ನಾಣ್ಯವೂ ಬೇಕೋ ಎಂಬ ಚುನಾವಣೆಯ ಜಗಳ, ಇದೆಲ್ಲ ಮಕ್ಕಳ ತಲೆಗೆ ಹೋಗುತ್ತಿರಲಿಲ್ಲ. ಅವರು ಓಜ್ ಕಥೆ ಹಿಡಿದರು. ಬೆರ್ಚಪ್ಪ ರೈತ, ತಗಡಿನವನು ಕಾರ್ಖಾನೆಯ ಕೂಲಿ, ಹಳದಿ ರಸ್ತೆ ಚಿನ್ನ, ಅದರ ಮೇಲೆ ನಡೆಯುವ ಪಾದರಕ್ಷೆ ಬೆಳ್ಳಿ! 1964ರಲ್ಲಿ ಅದನ್ನು ಲೇಖನ ಮಾಡಿದರು. ಪ್ರಸಿದ್ಧವಾಯಿತು. ಬಾಮ್ ಹಾಗೆ ಉದ್ದೇಶಿಸಿ ಬರೆದದ್ದಕ್ಕೆ ಆಧಾರವಿಲ್ಲವೆಂದು ಅನಂತರ ಅವರೇ ಒಪ್ಪಿಕೊಂಡರು. ಆದರೆ ಪಾಠಕ್ಕೆ ಅದು ಒದಗಿದ್ದು ನಿಜ. ಸಿನಿಮಾ ಮಾತ್ರ ನೋಡಿದವರಿಗೆ ಈ ಅರ್ಥ ಹೊಳೆಯುವುದೇ ಇಲ್ಲ, ಏಕೆಂದರೆ ಅಲ್ಲಿ ಬೆಳ್ಳಿ ಹೋಗಿ ಕೆಂಪು ಬಂದಿದೆ. ಬಣ್ಣ ಎದ್ದು ಕಾಣಲೆಂದು ಮಾಡಿದ ಒಂದು ಬದಲಾವಣೆ ಒಂದು ಅರ್ಥವನ್ನೇ ಒರೆಸಿಹಾಕಿತು.

ಇನ್ನು ಕನಸಿನ ವಿಚಾರಕ್ಕೆ ಬರೋಣ. ಪುಸ್ತಕ ಪ್ರೀತಿಸಿದವರು ಸಿನಿಮಾದ ಮೇಲೆ ಹೊರಿಸುವ ಆರೋಪಗಳಲ್ಲಿ ಇದೇ ಮೊದಲನೆಯದು. ಸಿನಿಮಾವನ್ನು ಪ್ರೀತಿಸಿದವರಲ್ಲೂ ಇದನ್ನು ಒಪ್ಪದವರಿದ್ದಾರೆ. ಮುಂಬಯಿಯಲ್ಲಿ ಹುಡುಗನಾಗಿದ್ದಾಗ ಈ ಚಿತ್ರ ನೋಡಿ ಲೇಖಕನಾಗುವ ಆಸೆ ಹಚ್ಚಿಕೊಂಡವರು ಸಲ್ಮಾನ್ ರಶ್ದಿ. ಹತ್ತು ವರ್ಷದವರಿದ್ದಾಗ ಬರೆದ ಮೊದಲ ಕಥೆಗೆ ಆ ಹಾಡಿನ ಹೆಸರನ್ನೇ ಇಟ್ಟಿದ್ದರಂತೆ. 1992ರಲ್ಲಿ ಅವರು ಈ ಚಿತ್ರದ ಬಗ್ಗೆಯೇ ಒಂದು ಚಿಕ್ಕ ಪುಸ್ತಕ ಬರೆದರು. ಸಿನಿಮಾ ಪುಸ್ತಕಕ್ಕಿಂತ ಮೇಲೆಂಬುದು ಅವರ ಅಭಿಪ್ರಾಯ. ಆದರೆ ಮನೆಯೇ ಎಲ್ಲಕ್ಕಿಂತ ಹೆಚ್ಚೆಂದು ಹುಡುಗಿಯ ಬಾಯಲ್ಲಿ ಹೇಳಿಸುವ ಕೊನೆ ಅವರಿಗೂ ಹಿಡಿಸಲಿಲ್ಲ. ಮನೆ ಬಿಟ್ಟು ಹೋಗುವ ಹಂಬಲದ ಹಾಡು ಹಾಡಿದವಳು ಇಷ್ಟು ಬೇಗ ಸೋಲಬೇಕೇ ಎಂಬುದು ಅವರ ತಕರಾರು.

ರಶ್ದಿಯವರು ಗಂಡಸರು, ಮನೆ ಬಿಟ್ಟು ಹೋಗುವುದು ಅವರಿಗೆ ಒಂದು ಅರ್ಥ. ನಮಗೆ ಇನ್ನೊಂದು ಅರ್ಥವೂ ಇದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಯ ನಾಡಿನಲ್ಲಿ, ಮನೆಗಿಂತ ಬೇರೆ ಜಾಗವಿಲ್ಲ ಎಂದಾಗ ಯಾವ ಮನೆ ಎಂದು ಹೆಣ್ಣು ಕೇಳಬೇಕಾಗುತ್ತದೆ. ಇದನ್ನು ಮಕ್ಕಳೇನೆನ್ನುತ್ತಾರೋ ನೋಡೋಣವೆಂದು ಮೂರು ವರ್ಷದ ಕೆಳಗೆ ಒಂಬತ್ತನೇ ತರಗತಿಗೆ ಎರಡು ಶನಿವಾರ ಶಾಲೆಯ ಪ್ರೊಜೆಕ್ಟರಿನಲ್ಲಿ ಆ ಚಿತ್ರ ತೋರಿಸಿದೆ. ಅಲ್ಲಲ್ಲಿ ನಿಲ್ಲಿಸಿ ಕನ್ನಡದಲ್ಲಿ ವಿವರಿಸುತ್ತಿದ್ದೆ. ಗಂಡುಹುಡುಗರಿಗೆ ಹಾರುವ ಕೋತಿಗಳು ಇಷ್ಟವಾದವು. ಮಾಂತ್ರಿಕ ಬೊಗಳೆಯೆಂದು ಗೊತ್ತಾದಾಗ ಕ್ಲಾಸಿಗೆ ಕ್ಲಾಸೇ ಚಪ್ಪಾಳೆ. ಆಮೇಲೆ ಒಂದು ಪುಟ ಅಭಿಪ್ರಾಯ ಬರೆಯಿರಿ ಎಂದೆ.

ಹೆಚ್ಚಿನವರು ಮನೆಯೇ ಮೇಲು ಎಂದು ನೀತಿ ಬರೆದಿದ್ದರು. ನೀತಿ ಬರೆದರೆ ಅಂಕ ಬರುತ್ತದೆಂದು ನಾವೇ ಕಲಿಸಿದ್ದೇವಲ್ಲ. ಒಬ್ಬಳ ಪುಟ ಬೇರೆ ಇತ್ತು. ಖೋಖೋದಲ್ಲಿ ರಾಜ್ಯಮಟ್ಟಕ್ಕೆ ಹೋಗಿಬಂದ ಹುಡುಗಿ ಅದು. ನಾಲ್ಕು ದಿನ ಬೇರೆ ಊರಿನಲ್ಲಿದ್ದು, ಹಾಸ್ಟೆಲಿನಲ್ಲಿ ಮಲಗಿ, ದೊಡ್ಡ ಮೈದಾನ ಕಂಡು ಬಂದಿದ್ದಳು. ಬಂದ ಮೇಲೆ ಮನೆಯಲ್ಲಿ ಆ ಮಾತೆತ್ತಿದರೆ “ಸಾಕು ಸಾಕು, ಅದೆಲ್ಲ ಆಯ್ತಲ್ಲ, ಇನ್ನು ಮನೆ ಕೆಲಸ ನೋಡು” ಎನ್ನುತ್ತಿದ್ದರಂತೆ. ಅವಳು ಬರೆದದ್ದು ಇಷ್ಟು: “ಡೊರೊಥಿ ಹೋಗಿದ್ದು ನಿಜ. ಕನಸು ಅಂದವರು ಯಾರೂ ಅವಳ ಜೊತೆ ಹೋಗಿರಲಿಲ್ಲ. ಅವರಿಗೆ ಹೇಗೆ ಗೊತ್ತು?”

ಅವಳನ್ನು ಕರೆದು ಬಾಮ್ ಬರೆದ ಮುಂದಿನ ಪುಸ್ತಕಗಳ ಕಥೆ ಹೇಳಿದೆ. ಓಜ್ ಬಗ್ಗೆ ಅವರು ಒಟ್ಟು 14 ಕಾದಂಬರಿ ಬರೆದರು. 1910ರಲ್ಲಿ ಬಂದ ‘ದಿ ಎಮರಾಲ್ಡ್ ಸಿಟಿ ಆಫ್ ಓಜ್’ನಲ್ಲಿ ಹೆನ್ರಿ ಚಿಕ್ಕಪ್ಪನಿಗೆ ಬ್ಯಾಂಕಿನ ಸಾಲ ತೀರಿಸಲಾಗುವುದಿಲ್ಲ, ಹೊಲಮನೆ ಕೈಬಿಡುವ ಗತಿ ಬರುತ್ತದೆ. ಆಗ ಡೊರೊಥಿ ಚಿಕ್ಕಪ್ಪ ಚಿಕ್ಕಮ್ಮ ಇಬ್ಬರನ್ನೂ ಓಜ್‌ಗೇ ಕರೆದುಕೊಂಡು ಹೋಗಿ ಶಾಶ್ವತವಾಗಿ ನೆಲೆಗೊಳಿಸುತ್ತಾಳೆ. ಹುಡುಗಿ ಕಂಡ ಊರೇ ಕೊನೆಗೆ ಮನೆಯವರಿಗೆಲ್ಲ ಆಸರೆ! ಸಿನಿಮಾ ನೋಡಿದ ಕೋಟಿ ಜನರಲ್ಲಿ ಈ ಸಂಗತಿ ಗೊತ್ತಿರುವವರು ಎಷ್ಟು ಮಂದಿಯೋ. “ಹಂಗಾದ್ರೆ ಚಿಕ್ಕಮ್ಮಂಗೂ ಬಣ್ಣ ಬಂತಾ ಮಿಸ್?” ಎಂದು ಕೇಳಿದಳು. ನನಗೆ ಹೊಳೆಯದಿದ್ದ ಪ್ರಶ್ನೆ.

ಪರದೆಯ ಮೇಲಿನ ಹುಡುಗಿಯ ಗತಿ ಏನಾಯಿತು? ಜೂಡಿ ಗಾರ್ಲೆಂಡ್ ಹದಿಮೂರಕ್ಕೇ ಕಂಪನಿಯ ಕರಾರಿಗೆ ಸಿಕ್ಕಿದವಳು. ಚಿಕ್ಕ ಹುಡುಗಿಯಂತೆ ಕಾಣಲೆಂದು ಎದೆಯನ್ನು ಬಿಗಿದು ಕಟ್ಟುತ್ತಿದ್ದರು. ದಪ್ಪಗಾಗದಂತೆ ಊಟಕ್ಕೆ ಕಡಿವಾಣ. ಕೆಲಸಕ್ಕೆ ಎಬ್ಬಿಸಲು ಒಂದು ಗುಳಿಗೆ, ಮಲಗಿಸಲು ಇನ್ನೊಂದು ಗುಳಿಗೆ ಕೊಡುತ್ತಿದ್ದರೆಂದು ಆಕೆಯೇ ಮುಂದೆ ಹೇಳಿಕೊಂಡಳು. ಆ ಗುಳಿಗೆಗಳ ಸಹವಾಸ ಜೀವನಪೂರ್ತಿ ಬಿಡಲಿಲ್ಲ. 1969ರ ಜೂನ್ 22ರಂದು ಲಂಡನ್ನಿನಲ್ಲಿ, 47ನೇ ವಯಸ್ಸಿನಲ್ಲಿ, ನಿದ್ರೆಯ ಗುಳಿಗೆ ಹೆಚ್ಚಾಗಿ ತೀರಿಕೊಂಡಳು. ಇದು ತಿಳಿದ ಮೇಲೆ ಆ ಚಿತ್ರ ನೋಡುವುದು ಮೊದಲಿನಂತಿರುವುದಿಲ್ಲ. ಮಕ್ಕಳಿಗೆ ಖುಷಿ ಕೊಡುವ ಚಿತ್ರಕ್ಕೆ ಒಂದು ಮಗುವಿನ ಬಾಲ್ಯವನ್ನು ಬೆಲೆಯಾಗಿ ಕೊಟ್ಟಿದ್ದರು. ಇಂದು ಟಿ.ವಿ. ಸ್ಪರ್ಧೆಗಳಲ್ಲಿ ಮಧ್ಯರಾತ್ರಿಯವರೆಗೆ ಹಾಡಿಸಿ ಕುಣಿಸುವ ಮಕ್ಕಳನ್ನು ನೋಡಿ “ಎಷ್ಟು ಮುದ್ದು” ಎನ್ನುವಾಗ ಜೂಡಿಯ ನೆನಪು ನಮಗಿರುವುದು ಒಳ್ಳೆಯದು.

ಬಾಮ್ ಅವರ ವಿಷಯದಲ್ಲೂ ಮುಚ್ಚಿಡಬಾರದ ಒಂದು ಸಂಗತಿಯಿದೆ. ಹೆಂಗಸರ ಮತದಾನಕ್ಕಾಗಿ ಬರೆದ ಅದೇ ಲೇಖನಿಯಿಂದ, ಅದೇ ಆಬರ್ಡೀನ್ ಪತ್ರಿಕೆಯಲ್ಲಿ, 1890ರ ಡಿಸೆಂಬರ್ ಮತ್ತು 1891ರ ಜನವರಿಯಲ್ಲಿ, ಅಲ್ಲಿನ ಮೂಲನಿವಾಸಿಗಳನ್ನು ಪೂರ್ತಿ ನಾಶ ಮಾಡಬೇಕೆಂದು ಅವರು ಸಂಪಾದಕೀಯ ಬರೆದರು. ವೂಂಡೆಡ್ ನೀ ಎಂಬಲ್ಲಿ ಲಕೋಟ ಜನರ ಕಗ್ಗೊಲೆ ನಡೆದ ದಿನಗಳವು. 2006ರಲ್ಲಿ ಬಾಮ್ ಅವರ ವಂಶದವರು ಆ ಜನರ ಕ್ಷಮೆ ಕೇಳಿದರು. ಒಬ್ಬನೇ ಮನುಷ್ಯ ಹೆಣ್ಣುಮಗುವಿಗೆ ಒಂದು ದೇಶವನ್ನೇ ಕಟ್ಟಿಕೊಟ್ಟ, ಇನ್ನೊಂದು ಜನಾಂಗದ ಮಕ್ಕಳಿಗೆ ಬದುಕೇ ಬೇಡವೆಂದ. ಎರಡೂ ನಿಜ. ಎರಡನ್ನೂ ಹೇಳದಿದ್ದರೆ ಇತಿಹಾಸದ ಟೀಚರಾಗಿ ನಾನು ಸಂಬಳ ತೆಗೆದುಕೊಳ್ಳುವುದು ನ್ಯಾಯವಲ್ಲ.

ನಷ್ಟ ಮಾಡಿದ ಆ ಚಿತ್ರ 1989ರಲ್ಲಿ ಅಮೆರಿಕ ಸರ್ಕಾರ ಕಾಪಾಡಲೆಂದು ಆರಿಸಿದ ಮೊದಲ 25 ಚಿತ್ರಗಳಲ್ಲಿ ಒಂದಾಯಿತು. 2007ರಲ್ಲಿ ಯುನೆಸ್ಕೋದ ವಿಶ್ವಸ್ಮೃತಿ ಪಟ್ಟಿಗೂ ಸೇರಿತು. ಜೂಡಿ ತೊಟ್ಟ ಕೆಂಪು ಪಾದರಕ್ಷೆಯ ಒಂದು ಜೊತೆ ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಇನ್ನೊಂದು ಜೊತೆ 2005ರಲ್ಲಿ ಮಿನೆಸೋಟದ ಒಂದು ಸಂಗ್ರಹಾಲಯದಿಂದ ಕಳುವಾಗಿ 2018ರಲ್ಲಿ ಸಿಕ್ಕಿತು. 2024ರ ಡಿಸೆಂಬರಿನಲ್ಲಿ ಹರಾಜಿಗೆ ಬಂದಾಗ ಕೂಗಿದ ಬೆಲೆ 2 ಕೋಟಿ 80 ಲಕ್ಷ ಡಾಲರ್. ಚಿತ್ರಕ್ಕೇ ಆದ ಖರ್ಚಿನ ಹತ್ತರಷ್ಟು! ಜೂಡಿಗೆ ಆಗ ಸಿಗುತ್ತಿದ್ದ ಸಂಬಳ ವಾರಕ್ಕೆ 500 ಡಾಲರ್.

ಕಥೆ ಅಲ್ಲಿಗೂ ನಿಂತಿಲ್ಲ. 1995ರಲ್ಲಿ ಗ್ರೆಗರಿ ಮಗ್ವಾಯರ್ ಎಂಬವರು ಆ ಹಸಿರು ಮಾಟಗಾತಿಯ ಕಡೆಯಿಂದಲೇ ‘ವಿಕೆಡ್’ ಎಂಬ ಕಾದಂಬರಿ ಬರೆದರು. 2003ರಲ್ಲಿ ಅದು ನಾಟಕವಾಯಿತು, 2024 ಮತ್ತು 2025ರಲ್ಲಿ ಎರಡು ಭಾಗದ ಸಿನಿಮಾ ಆಯಿತು. ಕೆಟ್ಟವಳೆಂದು ಹೆಸರು ಹೊತ್ತವಳು ನಿಜಕ್ಕೂ ಕೆಟ್ಟವಳೇ ಎಂದು ಅದು ಕೇಳುತ್ತದೆ. ಆ ಸಿನಿಮಾದಲ್ಲಿ ಪಾದರಕ್ಷೆ ಮತ್ತೆ ಬೆಳ್ಳಿಯ ಬಣ್ಣಕ್ಕೆ ಬಂದಿದೆ. ಪುಸ್ತಕ ಓದಿದವರ ಗೊಣಗಾಟಕ್ಕೂ ಒಂದಲ್ಲ ಒಂದು ದಿನ ಬೆಲೆ ಬರುತ್ತದೆ ಎನ್ನಿ. ಅದಕ್ಕೆ ಸುಮಾರು ಎಂಬತ್ತೈದು ವರ್ಷ ಹಿಡಿಯಿತು, ಅಷ್ಟೇ.

ಈಗ ನಮ್ಮ ಶಾಲೆಯ ಗ್ರಂಥಾಲಯದ ಬೀರುವಿನಲ್ಲಿ ಆ ಕಾದಂಬರಿಯ ಒಂದು ಪ್ರತಿ ಇದೆ. ಇಂಗ್ಲಿಷಿನದು, ಮಕ್ಕಳಿಗೆ ತುಸು ಕಷ್ಟ. ಆದರೂ ತೆಗೆದುಕೊಂಡು ಹೋದವರ ಹೆಸರು ರಿಜಿಸ್ಟರಿನಲ್ಲಿ ಹನ್ನೊಂದಿವೆ, ಅದರಲ್ಲಿ ಒಂಬತ್ತು ಹುಡುಗಿಯರದು. ಖೋಖೋ ಹುಡುಗಿಯ ಹೆಸರು ಎರಡು ಸಲ ಇದೆ. ಅವಳು ಈಗ ಪಕ್ಕದ ಊರಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ.